ಹರಗೋಲಿನಿಂದ ಇಳಿಯುವವರೆಗೆ

ಗಜೇಂದ್ರಗಡದಿಂದ ನಾನು ಹೊರಟದ್ದು ಕೆಂಪು ರೇಷ್ಮೆ ತರಲು, ಕಚೇರಿ ಮೆಟ್ಟಿಲು ಹತ್ತಲು ಅಲ್ಲ. ಅಕ್ಕನ ಮಗಳು ನೀಲವ್ವನ ಮದುವೆ ದೀಪಾವಳಿಯ ಆಚೆಗೆ ಗೊತ್ತಾಗಿತ್ತು. ಅಕ್ಷತೆ ಬೀಳುವಾಗ ಹುಡುಗಿ ಸೋದರಮಾವ ಕೊಟ್ಟ ಸೀರೆಯನ್ನೇ ಉಟ್ಟಿರಬೇಕು. ಆ ಮಾವ ನಾನು, ಮೇಲಾಗಿ ನೇಕಾರ. ನನ್ನ ಕೈಯಾರೆ ನೇಯ್ದ ಸೀರೆಯನ್ನೇ ಕೊಡುತ್ತೇನೆಂದು ಓಣಿಯವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಉದ್ದೆಳೆಯ ಹಾಸು ಮಗ್ಗಕ್ಕೇರಿತ್ತು. ಅಡ್ಡೆಳೆಯ ಹೊಕ್ಕಿಗೆ ಬೇಕಾದ ದಾಳಿಂಬೆ ಬಣ್ಣದ ರೇಷ್ಮೆ ಮಾತ್ರ ನರಗುಂದದ ಒಬ್ಬ ವ್ಯಾಪಾರಿಯ ಹತ್ತಿರ ಇತ್ತು.

ಮಧ್ಯಾಹ್ನ ಬಿಟ್ಟವನು ಮಳೆಗೆ ಸಿಕ್ಕು ರಾಜೂರಿನಲ್ಲೇ ತಂಗಿದೆ. ಮರುದಿನ ರೋಣ. ಎರೆಮಣ್ಣಿನ ದಾರಿ, ಹೆಜ್ಜೆಗೊಮ್ಮೆ ಚಪ್ಪಲಿ ಕಳಚಿ ಕೆಸರು ಕೆರೆದುಕೊಳ್ಳಬೇಕು. ಬಂಡಿ ಹೂಡುವ ಮಾತೇ ಇರಲಿಲ್ಲ. ಕಟ್ಟಿಕೊಂಡು ಬಂದ ರೊಟ್ಟಿ, ಪುಂಡಿಪಲ್ಯ ರೋಣದ ಚಾವಡಿಯಲ್ಲಿ ಮುಗಿದವು.

ಮೂರನೆಯ ದಿನ ಬೆಣ್ಣೆಹಳ್ಳ. ಬೇಸಗೆಯಲ್ಲಿ ಕುರಿಮರಿಯೂ ಹಾರಿ ದಾಟುವ ಹಳ್ಳ, ಆ ದಿನ ಎರಡೂ ದಂಡೆ ನುಂಗಿ ಕೆಂಪಗೆ ಹರಿಯುತ್ತಿತ್ತು. ಈ ದಂಡೆ ರೋಣದ ಕಡೆಯದು, ಕಂಪನಿ ಸರಕಾರದ್ದು. ಆ ದಂಡೆ ನರಗುಂದ ಸಂಸ್ಥಾನದ್ದು. ನಡುವೆ ಇದ್ದವನು ಅಂಬಿಗರ ಬರಮಪ್ಪ, ಬುಟ್ಟಿಯಂಥ ಅವನ ಚರ್ಮದ ಹರಗೋಲು.

"ಎಷ್ಟು ಕೊಡಬೇಕೋ?" ಎಂದೆ.

"ಒಂದ ಬೊಗಸಿ ಜೋಳರೀ. ಇಳದ ಮ್ಯಾಲ ಕೊಡ್ರಿ. ಮೊದಲ ಇಸ್ಕೊಳ್ಳೂ ಪದ್ಧತಿ ನಮ್ಮ ಮನ್ಯಾಗ ಇಲ್ಲ."

ಹರಗೋಲಿನಲ್ಲಿ ನನ್ನ ಜೊತೆಗೆ ಒಂದು ಬೀಸುವ ಕಲ್ಲೂ ಕೂತಿತ್ತು. ಹಗುರಾದರೆ ಹರಗೋಲು ಗಿರಗಿರ ತಿರುಗುತ್ತದೆ, ಅದಕ್ಕೆ ಭಾರವಿಟ್ಟಿದ್ದೇನೆ ಎಂದ. ಕಲ್ಲಿದ್ದೂ ಹರಗೋಲು ನಡು ಹಳ್ಳದಲ್ಲಿ ತಿರುಗಿಯೇ ತಿರುಗಿತು, ಕಲ್ಲು ಉರುಳಿ ನನ್ನ ಎಡಗಾಲ ಮೇಲೆ ಕೂತಿತು. ನಾನು ಎಬ್ಬಿಸಿದ ಬೊಬ್ಬೆಗೆ ದಂಡೆಯ ಎಮ್ಮೆಗಳೂ ಎದ್ದು ನಿಂತವು.

ಆಚೆ ದಂಡೆಗೆ ಬಂದರೆ ಕಾಲು ಊರಲಾಗದು. ಬರಮಪ್ಪ ಏನೂ ಕೇಳದೆ ನನ್ನನ್ನು ಬೆನ್ನಿಗೇರಿಸಿಕೊಂಡ.

"ನಿನ್ನ ಮ್ಯಾಲ ಫಿರ್ಯಾದಿ ಮಾಡತೀನಿ!" ಎಂದು ಅವನ ಕಿವಿಯಲ್ಲೇ ಕೂಗಿದೆ.

"ಮಾಡ್ರಿ. ಕಚೇರಿ ನರಗುಂದದಾಗ ಐತಿ. ಗಟ್ಟಿ ಹಿಡ್ಕೋರಿ, ಜಾರತೈತಿ."

ದಾರಿಯಲ್ಲಿ ಕಾರಣ ಹೇಳಿದ: "ಹರಗೋಲ ಹತ್ತಿದವರು ತಮ್ಮ ಕಾಲಲೇ ತಾವ ಇಳೀಬೇಕ್ರಿ. ಅಲ್ಲೀತನಕ ಅವರು ಅಂಬಿಗನ ಭಾರ. ನಮ್ಮಪ್ಪ ಹಂಗ ಹೇಳ್ಯಾನ."

ನರಗುಂದದಲ್ಲಿ ಎಲುಬು ಕೂಡಿಸುವ ಮುದುಕ ಕಾಲು ಹಿಚುಕಿ ನೋಡಿ, ಬಿದಿರ ದಬ್ಬೆ ಕಟ್ಟಿ, ದೀಪಾವಳಿತನಕ ನೆಲಕ್ಕೆ ಊರಬೇಡ ಎಂದ. ಕುಣಿಮಗ್ಗದಲ್ಲಿ ಕೂತವನು ಕೈಯಿಂದ ಲಾಳಿ ಎಸೆದರೆ ಸಾಲದು, ನೆಲದ ಕುಣಿಯೊಳಗಿನ ಹಲಗೆಗಳನ್ನು ಎರಡೂ ಕಾಲಿಂದ ತುಳಿಯಬೇಕು. ಓಣಿಯ ಮಗ್ಗಗಳೆಲ್ಲ ಮದುವೆ ಸೀರೆಗಳಿಂದ ತುಂಬಿದ್ದವು. ನೀಲವ್ವ ಏನು ಉಡಬೇಕು? ರೇಷ್ಮೆ ಕೊಂಡು ಎದೆಗವಚಿಕೊಂಡು, ಸಿಟ್ಟಿನಲ್ಲಿ ಕುದಿಯುತ್ತ, ಬರಮಪ್ಪನ ಬೆನ್ನ ಮೇಲೆಯೇ ಕಚೇರಿ ಹೊಕ್ಕೆ.

ಕಾರಕೂನರು ನಮ್ಮಿಬ್ಬರನ್ನೂ ದಿಟ್ಟಿಸಿದರು. "ಫಿರ್ಯಾದಿ ಯಾರು, ತಪ್ಪು ಮಾಡಿದಾಂವ ಯಾರು?"

"ತಪ್ಪು ಮಾಡಿದಾಂವ ಕೆಳಗದಾನ್ರೀ," ಎಂದೆ.

"ಹಂಗ ನಿಂತು ಹೇಳಿದ್ರ ನಡಿಯೂದಿಲ್ಲ. ಬ್ಯಾರೆ ಬ್ಯಾರೆ ನಿಂದರ್ರಿ."

ಬರಮಪ್ಪ ನನ್ನನ್ನು ಕಂಬಕ್ಕೆ ಆನಿಸಿ ಹಿಂದೆ ಸರಿದ. ನಾನು ವಾಲಿದೆ, ಅವನು ಓಡಿ ಬಂದು ಹಿಡಿದ. ಮೂರು ಸಲ ಹೀಗೇ ಆಯಿತು. ಕಾರಕೂನರಿಗೆ ಸಾಕಾಗಿ, "ಇರಲಿ. ಹಳ್ಳದ ನಡುಮಟ ನಮ್ಮ ಹದ್ದು, ನಮ್ಮ ಸೀಮಿ. ಕಲ್ಲು ಬಿದ್ದಾಗ ಎದುರಿಗೆ ಏನ ಕಂಡ್ತು, ನಮ್ಮ ಗುಡ್ಡನೋ, ರೋಣದ ಕಡೀ ಜಾಲಿಗಿಡನೋ?" ಎಂದು ಕೇಳಿದರು.

"ಹಾಡಹಗಲ ಆಕಾಶದಾಗಿನ ಚಿಕ್ಕಿ ಕಂಡುವ್ರೀ!"

"ಚಿಕ್ಕಿ ನಮ್ಮ ಹದ್ದಿನ್ಯಾಗ ಬರೂದಿಲ್ಲ. ಅಂಬಿಗ ಕಂಪನಿ ಸರಕಾರದಾಂವ ಇದ್ದಾನ, ರೋಣಕ್ಕ ಹೋಗ್ರಿ."

ಮರಳಿ ಹಳ್ಳ, ಮರಳಿ ಅದೇ ಹರಗೋಲು, ಅದೇ ಕಲ್ಲು. ಈ ಸಲ ಕಲ್ಲಿನ ಮೇಲೆ ನಾನೇ ಕೂತೆ. ರೋಣದ ಕಾರಕೂನರು ಚಿಕ್ಕ ವಯಸ್ಸಿನವರು, ಕಾಯಿದೆ ಬಲ್ಲವರು. "ಬಾಡಿಗಿ ಕೊಟ್ರೇನು?" ಎಂದು ಮೊದಲೇ ಕೇಳಿದರು.

"ಇಳದ ಮ್ಯಾಲ ಕೊಡೂದ್ರೀ."

"ಇಳದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಬರಮಪ್ಪ, "ಇನ್ನೂ ಇಳದಿಲ್ರೀ ಸಾಹೇಬ್ರ, ನನ್ನ ಬೆನ್ನ ಮ್ಯಾಲ ಅದಾರ," ಎಂದ.

"ಹಂಗಾದ್ರ ಪ್ರಯಾಣನ ಮುಗಿದಿಲ್ಲ. ಮುಗಿದ ಮ್ಯಾಲ ಬರ್ರಿ. ಅಂದ್ಹಂಗ ನಿಮ್ಮೂರು ಗಜೇಂದ್ರಗಡ ಅಂತೀರಿ. ಅದೂ ಬ್ಯಾರೆ ಜಹಗೀರಿ."

ಮೂರು ರಾಜ್ಯದ ನಡುವೆ ನನ್ನ ಒಂದು ಕಾಲಿಗೆ ದಿಕ್ಕಿಲ್ಲದಾಯಿತು. ಚಾವಡಿಯ ಕಟ್ಟೆಯ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ. ಬರಮಪ್ಪ ನನ್ನ ರೇಷ್ಮೆಯ ಗಂಟು ಮಳೆಗೆ ನೆನೆಯದಂತೆ ತನ್ನ ಕಂಬಳಿಯೊಳಗೆ ಇಟ್ಟುಕೊಂಡು ಪಕ್ಕದಲ್ಲಿ ಕೂತ. ಮರುದಿನ ಒಬ್ಬ ವ್ಯಾಪಾರಿಯ ಹೇರಿನ ಎತ್ತಿನ ಮೇಲೆ ನನ್ನನ್ನು ಕೂರಿಸಿ, ಹರಗೋಲು ನೋಡಿಕೊಳ್ಳಲು ತನ್ನ ತಮ್ಮನಿಗೆ ಹೇಳಿ ಕಳಿಸಿ, ತಾನೂ ಹೊರಟ.

ಗಜೇಂದ್ರಗಡದಲ್ಲಿ ನಮ್ಮ ಓಣಿಯ ಹಿರಿಯರು ಕೂಡಿದರು. ನಡುವೆ ಕೂತ ಮುದುಕ ಎಲೆ ಅಗಿಯುತ್ತ, "ಸಂಗಪ್ಪಾ, ದಂಡ ಹಾಕೂಣೇನು? ನಿನಗ ಬೇಕಾದ್ದರ ಏನು?" ಎಂದ.

"ದಂಡ ತಗೊಂಡು ಏನ ಮಾಡ್ಲಿ ಕಾಕಾ? ನನಗ ಎಡಗಾಲು ಬೇಕು!"

ಎಲ್ಲರೂ ನಕ್ಕರು. ಬರಮಪ್ಪ ನಗಲಿಲ್ಲ. "ನನ್ನದೈತ್ರಿ," ಎಂದು ಕಾಲು ಚಾಚಿ ತೋರಿಸಿದ. "ಮಳಿಗಾಲ ಮುಗೀಲಿಕ್ಕ ಬಂತು, ಇನ್ನ ಹಳ್ಳದಾಗ ಮಂದಿ ನಡದ ದಾಟತಾರ. ಇವರು ಇಳಿಯೂತನಕ ನಾ ಎಲ್ಲಿ ಹೋಗ್ಲಿ?"

ಹೀಗೆ ಮಗ್ಗದ ಒಂದೇ ಕುಣಿಯಲ್ಲಿ ಇಬ್ಬರೂ ಒತ್ತಿಕೊಂಡು ಕೂತೆವು. ಬಲಗಾಲು ನನ್ನದು, ಎಡಗಾಲು ಬರಮಪ್ಪನದು. ನಾನು "ಎಡಕ್ಕ!" ಎಂದರೆ ಅವನು ಹರಗೋಲಿನ ಅಭ್ಯಾಸಬಲದಿಂದ ಮೈಯನ್ನೇ ಎಡಕ್ಕೆ ವಾಲಿಸುತ್ತಿದ್ದ, ಜೊತೆಗೆ ನಾನೂ ವಾಲುತ್ತಿದ್ದೆ. ಮೊದಲ ಗೇಣು ಸೀರೆ ಬೆಣ್ಣೆಹಳ್ಳದ ತೆರೆಯಂತೆ ಅಂಕುಡೊಂಕಾಗಿ ಬಂತು. ಹೆಂಡತಿ ಗೌರವ್ವ ಅದನ್ನು ನೋಡಿ, "ಇರಲಿ ಬಿಡ್ರಿ, ಅದು ಉಟ್ಟಾಗ ನಡುವಿನೊಳಗ ಸಿಗಿಸೂ ಕಡೀದು, ಕಾಣೂದಿಲ್ಲ," ಎಂದಳು. ಆಮೇಲಿನದು ನಾನು ಒಬ್ಬನೇ ನೇಯ್ದಿದ್ದರೂ ಅಷ್ಟು ಚಲೋ ಬರುತ್ತಿರಲಿಲ್ಲ. ಇದನ್ನು ಓಣಿಯಲ್ಲಿ ನಾನು ಹೇಳಿಲ್ಲ.

ದೀಪಾವಳಿಯ ಮುನ್ನಾದಿನ ಸೀರೆಯನ್ನು ಮಗ್ಗದಿಂದ ಕತ್ತರಿಸಿದೆವು. ಮಡಿಚಿದ ಸೀರೆ ಕೈಯಲ್ಲಿ ಹಿಡಿದು ಎದ್ದೆ. ಒಂದು ಹೆಜ್ಜೆ, ಇನ್ನೊಂದು, ಹೊಸ್ತಿಲತನಕ ಹೋದೆ. ಬರಮಪ್ಪ ನನ್ನ ಕಾಲನ್ನೇ ನೋಡುತ್ತಿದ್ದವನು ಉಸಿರು ಬಿಟ್ಟ.

"ಈಗ ಇಳದ್ರಿ ನೋಡ್ರಿ," ಎಂದು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ.

ಗೌರವ್ವ ಜೋಳದ ಚೀಲವನ್ನೇ ಎಳೆದು ತಂದಳು. ಅವನು ಒಂದೇ ಬೊಗಸೆ ತೆಗೆದುಕೊಂಡು ಶಲ್ಯದ ತುದಿಗೆ ಕಟ್ಟಿಕೊಂಡ. ಮದುವೆಗೆ ಇರು ಎಂದೆ. ಕಡಲೆ ಬಿತ್ತುವುದಿದೆ ಎಂದ. ಓಣಿಯ ಕೊನೆತನಕ ಕುಂಟುತ್ತ ಕಳಿಸಲು ಹೋದೆ. ಅವನು ತಿರುಗಿ ನೋಡಿ, "ಒಳಗ ಹೋಗ್ರೀ! ಇನ್ನ ಬಿದ್ರ ನನ್ನ ಭಾರ ಅಲ್ಲ ಮತ್ತ!" ಎಂದು ಕೂಗಿದ.

ನನ್ನನ್ನು ಹೊತ್ತು ಊರೂರು ತಿರುಗಿದ ಆ ಬೆನ್ನು ರಾಜೂರಿನ ದಾರಿಯಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ, ನನ್ನ ಎರಡೂ ಕಾಲ ಮೇಲೆ.