ಜಕ್ಕಪ್ಪನ ದೋಣಿಯ ಹಲಗೆ

ಅಂಬಿಗ ಜಕ್ಕಪ್ಪನದು ಅಗಲವಾದ ಕಬ್ಬಿಣದ ದೋಣಿ. ಕುಡಚಿಯ ಕೆಳಗೆ ಕೃಷ್ಣೆ ದಾಟಿ ಅಥಣಿ ಕಡೆ ಹೋಗುವ ಎತ್ತು, ಚಕ್ಕಡಿ, ಎಮ್ಮೆಗಳೆಲ್ಲ ಅದನ್ನೇ ಹತ್ತುತ್ತಿದ್ದವು. ಹತ್ತಲು ದೋಣಿಯ ಮೂತಿಗೊಂದು ಕಬ್ಬಿಣದ ಹಲಗೆ. ದಂಡೆಗೆ ಇಳಿಸಬೇಕು, ಹೊರಡುವಾಗ ಎತ್ತಿ ನಿಲ್ಲಿಸಬೇಕು. ನಾಲ್ಕು ಮಂದಿ ಹಗ್ಗ ಹಿಡಿದು ಜಗ್ಗಿದರೂ ಅದು ಸತಾಯಿಸುತ್ತಿತ್ತು. ಜಗ್ಗುವವರಲ್ಲಿ ಅವನ ಹೆಂಡತಿ ಸುಂದ್ರವ್ವನೂ ಒಬ್ಬಳು. ಎರಡು ಸಲ ಅವಳ ಬಸಿರು ಇಳಿದದ್ದು ಆ ಹಗ್ಗದಿಂದಲೇ ಎಂದು ಜಕ್ಕಪ್ಪ ಯಾರಿಗೂ ಹೇಳದೆ ನಂಬಿದ್ದ.

೧೯೮೭ರಲ್ಲಿ ಅವನು ಗುಜರಿಗೆ ಬಿದ್ದಿದ್ದ ಟ್ರ್ಯಾಕ್ಟರ್ ಟ್ರಾಲಿಯ ಜಾಕ್ ತಂದ. ದೋಣಿಯ ಡೀಸೆಲ್ ಇಂಜಿನ್ನಿಗೆ ಬೆಲ್ಟ್ ಹಾಕಿ ಎಣ್ಣೆಯ ಪಂಪು ತಿರುಗಿಸಿದ. ಪಂಪು ಒತ್ತಿದ ಎಣ್ಣೆ ರಬ್ಬರ್ ಪೈಪಿನಲ್ಲಿ ಓಡಿ ಜಾಕನ್ನು ನೂಕಿತು. ಒಬ್ಬರೂ ಮುಟ್ಟದೆ ಹಲಗೆ ಎದ್ದು ನಿಂತಿತು. ದಂಡೆಯ ಮಂದಿ ಕೇಕೆ ಹಾಕಿದರು. ಸುಂದ್ರವ್ವ ಮಾತ್ರ ತನ್ನ ಜಡ್ಡುಗಟ್ಟಿದ ಅಂಗೈ ನೋಡಿಕೊಂಡು, "ಇನ್ನ ಇವು ಮೆತ್ತಗಾಗ್ತಾವೇನ್ರಿ?" ಅಂದಳು.

ಮೂರು ವರ್ಷ ಸುಸೂತ್ರ ನಡೆಯಿತು. ಆಮೇಲೊಂದು ಕಬ್ಬಿನ ಹಂಗಾಮಿನಲ್ಲಿ ಪೈಪಿನ ಬಾಯಿಂದ ಎಣ್ಣೆ ಜಿನುಗತೊಡಗಿತು. ನಾಲ್ಕು ದಿನವಾದರೂ ನಿಲ್ಲಲಿಲ್ಲ.

"ಇವತ್ತ ನಿಲ್ಲಸ್ರಿ. ಮಿರಜಿಗೆ ಹೋಗಿ ಹೊಸಾದ ತರ್ರಿ," ಅಂದಳು ಸುಂದ್ರವ್ವ.

"ದಂಡಿ ಮ್ಯಾಲ ಹನ್ನೆರಡು ಚಕ್ಕಡಿ ನಿಂತಾವ. ಇವಿಷ್ಟು ದಾಟ್ಲಿ, ನಾಳಿ ಹೋಗ್ತೀನಿ," ಎಂದು ಜಕ್ಕಪ್ಪ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದ.

ಆರನೇ ಸುತ್ತು. ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚಲು ಸುಂದ್ರವ್ವ ದಂಡೆಗೆ ಇಳಿದಿದ್ದಳು. ಹಲಗೆ ಅರ್ಧ ಎದ್ದಿತ್ತು. ಅವಳು ಅದರ ಕೆಳಗೆ ಬಗ್ಗಿ ವಾಪಸು ಬರುವಾಗ ಪೈಪು ಟಪ್ಪನೆ ಒಡೆಯಿತು. ಹಲಗೆ ಅವಳ ನಡುವಿನ ಮೇಲೆ ಬಿತ್ತು.

ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಒಂದು ದಿನ ಕೇಳಿದಳು: "ದೋಣಿ ಯಾರ ನಡಸಾಕತ್ತಾರ್ರಿ?"

"ಯಾರೂ ಇಲ್ಲ. ಆ ಜಾಕ್ ಕಿತ್ತು ಹೊಳ್ಯಾಗ ಒಗೀತೀನಿ."

"ಒಗದು ಮತ್ತ ಹಗ್ಗಾ ಯಾರ ಕೈಗೆ ಕೊಡ್ತೀರಿ? ಕೀಳಬ್ಯಾಡ್ರಿ."

ಅವಳನ್ನು ಮಣ್ಣು ಮಾಡಿ ತಿಂಗಳಾದ ಮೇಲೆ ಜಕ್ಕಪ್ಪ ಹೊಸ ಪೈಪು ಹಾಕಿದ. ಎದ್ದ ಹಲಗೆ ಬೀಳದಂತೆ ತಡೆಯಲು ದಪ್ಪನೆಯ ಸರಳೊಂದನ್ನು ಕೂಡಿಸಿದ. ಆ ಸರಳು ಖಟ್ಟೆಂದು ಕೂರುವವರೆಗೆ ಹಲಗೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಅವಸರ ಮಾಡಿದವರನ್ನು ಬೈದು ಇಳಿಸಿಬಿಡುತ್ತಿದ್ದ.

೧೯೯೪ರಲ್ಲಿ ಅಥಣಿ ಕಡೆಯ ಬಾಪುಸಾಹೇಬರು ತಮ್ಮ ದೋಣಿಗೂ ಅಂಥದ್ದೇ ಜೋಡಿಸಿಕೊಡಲು ಅವನನ್ನು ಕರೆಸಿದರು. ಕೆಲಸ ನೋಡುತ್ತ ನಿಂತಿದ್ದ ಸಾಹೇಬರು, "ಪಾಪ, ಪೈಪ ನಿನಗ ಕೈ ಕೊಡ್ತಂತ ಕೇಳಿದ್ನಿ," ಅಂದರು.

ಜಕ್ಕಪ್ಪ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ಪೈಪ ನಾಕ ದಿನಾ ಮೊದಲ ಹೇಳಿತ್ರಿ ಸಾಹೇಬ್ರ. ಆಕೀನೂ ಹೇಳಿದ್ಲು. ಕೇಳಲಾರದಾಂವ ನಾ."

ಬಾಪುಸಾಹೇಬರು ಬಗ್ಗಿ ಪಾನಾ ಎತ್ತಿ ಅವನ ಕೈಗೆ ಕೊಟ್ಟರು.

ಅಲ್ಲಿಯ ಅಂಬಿಗರಿಗೆಲ್ಲ ಅವನು ಸರಳು ಹಾಕುವುದನ್ನು ಕಲಿಸಿದ. ಅವರಲ್ಲೊಬ್ಬನ ಹೆಂಡತಿ ತಾನೂ ಕಲಿಯುತ್ತೇನೆಂದು ಮುಂದೆ ಬಂದಳು. ಅವಳಿಗೂ ತೋರಿಸಿಕೊಟ್ಟ. ಅವಳು ಪಂಪಿನ ಹಿಡಿಕೆ ಎಳೆದು ಹಲಗೆ ಏಳತೊಡಗಿದಾಗ ಮಾತ್ರ ಅವನಿಂದ ನೋಡಲಾಗಲಿಲ್ಲ. ಹೊಳೆಯ ಕಡೆ ಮುಖ ಮಾಡಿ ನಿಂತು, ಸರಳು ಕೂತ ಸದ್ದು ಕೇಳಿದ ಮೇಲೆಯೇ ತಿರುಗಿದ.