ಕರಡು ತಿದ್ದುವವರ ಹೊಟ್ಟೆ

ತಿಂಡಿ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳ ಕರಡು ತಿದ್ದುವುದೇ ಅವರ ಕೆಲಸ. ಹತ್ತೊಂಬತ್ತು ವರ್ಷ ತಿದ್ದಿದರು. ಕೊನೆಯ ಮೂರು ವರ್ಷ ಹೊಟ್ಟೆ ಉಬ್ಬರಿಸಿಕೊಂಡೇ ತಿದ್ದಿದರು. ಮಧ್ಯಾಹ್ನದ ಗುಡುಗುಡು ಪಕ್ಕದ ಮೇಜಿಗೂ ಕೇಳಿಸುತ್ತಿತ್ತು.

ಡಾಕ್ಟರು, "ಪೊಟ್ಟಣದ್ದೆಲ್ಲ ಒಂದು ತಿಂಗಳು ಬಿಡಿ. ಆಮೇಲೆ ವಾರಕ್ಕೊಂದೊಂದೇ ತಿಂದು ನೋಡಿ" ಎಂದರು.

ತಿಂಗಳೊಳಗೆ ಹೊಟ್ಟೆ ಸುಮ್ಮನಾಯಿತು. ಆಮೇಲೆ ತಿಂದ ಬಿಸ್ಕತ್ತು, ಚಿಪ್ಸು, ಸಾಸು ಏನೂ ಮಾಡಲಿಲ್ಲ. ನಾಲ್ಕನೇ ವಾರ, ಮೊದಲೆಲ್ಲ ದಿನವಿಡೀ ಚೀಪುತ್ತಿದ್ದ ಸಕ್ಕರೆ ಇಲ್ಲದ ಪೆಪ್ಪರ್‌ಮೆಂಟಿನ ಸರದಿ. ಸಂಜೆಗೇ ಗುಡುಗು ಶುರುವಾಯಿತು. ಸಕ್ಕರೆಯ ಬದಲು ಹಾಕಿದ್ದ ಸಿಹಿ ಅವರಿಗೆ ಆಗುತ್ತಿರಲಿಲ್ಲ.

ಹೆಂಡತಿ ಪೊಟ್ಟಣ ತಿರುಗಿಸಿ ಓದಿದರು. "ಹೆಚ್ಚು ತಿಂದ್ರೆ ಹೊಟ್ಟೆ ಕೆಡಬಹುದು ಅಂತ ಇಲ್ಲೇ ಇದೆಯಲ್ರೀ. ಇದನ್ನ ನೀವೇ ತಿದ್ದಿದ್ದಲ್ವಾ?"

"ಹೌದು," ಎಂದರು. "ತಪ್ಪೇನೂ ಇರಲಿಲ್ಲ."

ಮಾರನೆಯ ದಿನದಿಂದ ಪೆಪ್ಪರ್‌ಮೆಂಟು ಮುಟ್ಟಲಿಲ್ಲ.