ಟೊಂಗೆ ತಡೆಯುವ ಪೈಪಿನವರು

ನಾಚಾರಂ ಬಡಾವಣೆಯಲ್ಲಿ ನಮ್ಮ ಅಂಗಡಿಯ ಪಕ್ಕ ಕಲಬುರಗಿ ಕಡೆಯ ವೆಲ್ಡರ್ ಒಬ್ಬರಿದ್ದರು. ಹಾಸಿಗೆ, ಒಲೆ ಎಲ್ಲ ಇರುವ ಕ್ಯಾರವಾನ್‌ಗಳ ಮೇಲಿನ ಏಸಿಗೆ ಮರದ ಟೊಂಗೆ ಬಡಿಯದಂತೆ ಕಬ್ಬಿಣದ ಪೈಪು ಬಗ್ಗಿಸಿ ಕೂಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಪೈಪಿನ ಮೇಲೆ ಅಂಗೈ ಆಡಿಸಿ, "ಗಿಡಕ್ಕೂ ಪೆಟ್ಟಾಗಬಾರದ್ರಿ" ಎನ್ನುವುದು ಅವರ ರೂಢಿ.

ಐಟಿ ಕಂಪನಿಗಳು ಬಂದಂತೆ ರಸ್ತೆಗಳು ಅಗಲವಾದವು. ಒಂದು ಮುಂಜಾನೆ ಎದುರಿನ ಬೇವಿನ ಮರ ಕಡಿದು ಹಾಕಿದರು.

"ಇನ್ನ ಟೊಂಗಿ ಕಾಟ ತಪ್ಪಿತಲ್ರಿ, ಕಾಕಾ," ಎಂದು ಗಾಡಿ ತಂದಿದ್ದ ಡ್ರೈವರ್ ನಕ್ಕ.

ಮಧ್ಯಾಹ್ನ ಕಾಕಾ ಬುತ್ತಿ ಹಿಡಿದು ಹೋಗಿ, ಸುಡುವ ಬಿಸಿಲಲ್ಲಿ ಆ ಬೊಡ್ಡೆಯ ಪಕ್ಕ ಕುಳಿತರು. "ಒಳಗ ಬರ್ರಿ, ಕಾಕಾ," ಎಂದು ಕರೆದೆ.

"ಸಾಯೂ ತನಕ ನನ್ನ ಹೆಂಡ್ತಿ ದಿನಾ ಇಲ್ಲೇ ಕುಂತು ನನಗ ಉಣ್ಣಾಕ ನೀಡ್ತಿದ್ಲರಿ," ಎಂದರು.

ಬುತ್ತಿ ಬಿಚ್ಚಲೇ ಇಲ್ಲ.